ಟೆಸ್ಟ್‌ಗಳನ್ನು ಹೇಗೆ ಗುಂಪು ಮಾಡಲಿ?

ಟೀಮಿಗೆ ಹೊಸದಾಗಿ ಬಂದವರು ಒಂದೆರಡು ವಾರದಲ್ಲಿ ಕೇಳೇ ಕೇಳುತ್ತಾರೆ: "ಯೂನಿಟ್ ಟೆಸ್ಟ್‌ಗಳನ್ನು (ಕೋಡಿನ ಸಣ್ಣ ಸಣ್ಣ ಭಾಗಗಳನ್ನು ಪರೀಕ್ಷಿಸುವ ಕೋಡ್) ಎಲ್ಲಿಡಲಿ, ಹೇಗೆ ಗುಂಪು ಮಾಡಲಿ?" ನಾನು ತಿರುಗಿ ಕೇಳುತ್ತೇನೆ: ಹುಡುಕೋದಕ್ಕಾ, ಓಡಿಸೋದಕ್ಕಾ? ಎರಡಕ್ಕೂ ಒಂದೇ ಉತ್ತರ ಹುಡುಕಲು ಹೋದರೆ ತಲೆನೋವು ಶುರು.

ಹುಡುಕೋದಕ್ಕೆ ಫೋಲ್ಡರ್. ಕೋಡ್ ಇರುವ ದಾರಿಯಲ್ಲೇ ಟೆಸ್ಟೂ ಸಿಗಬೇಕು, ಅಷ್ಟೇ. ಗೋ ಭಾಷೆಯಲ್ಲಿ ಟೆಸ್ಟ್ ಫೈಲ್ ಕೋಡಿನ ಪಕ್ಕದಲ್ಲೇ ಇರುತ್ತದೆ. ಜಾವಾದಲ್ಲಿ ಮೇವನ್ ಎಂಬ ಬಿಲ್ಡ್ ಸಾಧನ ಹಾಕಿಕೊಟ್ಟ ರೂಢಿಯಂತೆ ಟೆಸ್ಟ್‌ಗಳಿಗೆ ಬೇರೆಯೇ ಫೋಲ್ಡರ್ ಮರ, ಆದರೆ ಒಳಗಿನ ಪ್ಯಾಕೇಜ್ ಹೆಸರು ಅದೇ. ನಿಮ್ಮ ಭಾಷೆಯ ರೂಢಿಯ ಜೊತೆ ಜಗಳ ಬೇಡ. ಪೈಥಾನ್‌ನಲ್ಲಿ ಟೆಸ್ಟ್ ಓಡಿಸುವ ಸಾಧನವಾದ ಪೈಟೆಸ್ಟ್ ಬಳಸುವವರಿಗೆ ಮಾತ್ರ ಒಂದು ಎಚ್ಚರಿಕೆ. ಎರಡು ಫೋಲ್ಡರ್‌ಗಳಲ್ಲಿ ಒಂದೇ ಹೆಸರಿನ ಟೆಸ್ಟ್ ಫೈಲ್ ಇದ್ದು, ಆ ಫೋಲ್ಡರ್‌ಗಳಲ್ಲಿ 'ಇನಿಟ್' ಫೈಲ್ (__init__.py) ಇಲ್ಲದಿದ್ದರೆ, ಅದು ಎರಡನ್ನೂ ಒಂದೇ ಮಾಡ್ಯೂಲ್ ಅಂದುಕೊಂಡು 'ಇಂಪೋರ್ಟ್ ಫೈಲ್ ಮಿಸ್‌ಮ್ಯಾಚ್' ಅಂತ ಕೂಗುತ್ತದೆ.

ಓಡಿಸೋದಕ್ಕೆ ಗುರುತು. ಹಿಂದೆ ನಾನೇ 'ಫಾಸ್ಟ್', 'ಸ್ಲೋ' ಅಂತ ಫೋಲ್ಡರ್ ಮಾಡಿದ್ದೆ. ಒಂದು ಟೆಸ್ಟ್ ಡೇಟಾಬೇಸ್ ಮುಟ್ಟಿ ನಿಧಾನವಾದ ಕೂಡಲೇ ಅದನ್ನು 'ಸ್ಲೋ' ಕಡೆ ಸಾಗಿಸಬೇಕು. ಕೊನೆಗೆ ಬಿಲ್ಲಿಂಗ್ ಟೆಸ್ಟ್‌ಗಳು ಅರ್ಧ ಇಲ್ಲಿ, ಅರ್ಧ ಅಲ್ಲಿ. ಈಗ ಟೆಸ್ಟ್ ಇದ್ದಲ್ಲೇ ಇರುತ್ತದೆ. ಪೈಟೆಸ್ಟ್‌ನಲ್ಲಿ ಮಾರ್ಕರ್, ಜಾವಾದ ಟೆಸ್ಟ್ ಸಾಧನ ಜೆಯೂನಿಟ್ 5ರಲ್ಲಿ ಟ್ಯಾಗ್ ಎಂಬ ಗುರುತು ಹಚ್ಚಿದರೆ ಆಯಿತು. ಕಮಿಟ್ ಮಾಡುವ (ಬದಲಾವಣೆ ದಾಖಲಿಸುವ) ಮುಂಚೆ 'ಸ್ಲೋ' ಗುರುತಿನವು ಬಿಟ್ಟು ಉಳಿದವು ಓಡುತ್ತವೆ, ರಾತ್ರಿ ಎಲ್ಲವೂ.

ಇಲ್ಲೂ ಎಡವಿದ್ದೇನೆ. ಒಂದು ಕಡೆ 'ಸ್ಲೋ' ಸ್ಪೆಲ್ಲಿಂಗ್‌ನಲ್ಲಿ ಅಕ್ಷರ ಅದಲುಬದಲಾಗಿತ್ತು. ಪೈಟೆಸ್ಟ್ ಬರೀ ವಾರ್ನಿಂಗ್ ಕೊಟ್ಟು ಸುಮ್ಮನಾಯಿತು. ವಾರ್ನಿಂಗ್ ಯಾರು ಓದ್ತಾರೆ, ಅಲ್ವಾ? ಆ ನಿಧಾನದ ಟೆಸ್ಟ್ ಪ್ರತಿ ಸಲವೂ ಓಡುತ್ತಲೇ ಇತ್ತು. 'ಸ್ಟ್ರಿಕ್ಟ್ ಮಾರ್ಕರ್ಸ್' ಆಯ್ಕೆ ಹಾಕಿಟ್ಟರೆ ಇಂಥ ತಪ್ಪು ನೇರವಾಗಿ ಎರರ್ ಆಗುತ್ತದೆ.

ಇನ್ನು ಫೈಲಿನ ಒಳಗೆ. ಹೆಚ್ಚಿನವರು ಕೋಡಿನ ಪ್ರತಿ ಮೆಥಡ್‌ಗೊಂದು ಗುಂಪು ಮಾಡುತ್ತಾರೆ. ನಾನು ಸನ್ನಿವೇಶಕ್ಕೊಂದು ಮಾಡುತ್ತೇನೆ. ಶಾಪಿಂಗ್ ಕಾರ್ಟ್ ಉದಾಹರಣೆಯಲ್ಲಿ: ಖಾಲಿ ಕಾರ್ಟ್, ಒಂದೇ ವಸ್ತು ಇರುವ ಕಾರ್ಟ್, ಅವಧಿ ಮುಗಿದ ಕೂಪನ್ ಹಾಕಿದ ಕಾರ್ಟ್. ಜೆಯೂನಿಟ್ 5ರ 'ನೆಸ್ಟೆಡ್' ಕ್ಲಾಸ್, ಅಂದರೆ ಟೆಸ್ಟ್ ಕ್ಲಾಸಿನೊಳಗೆ ಇನ್ನೊಂದು ಕ್ಲಾಸ್, ಇದಕ್ಕೆ ಹೇಳಿ ಮಾಡಿಸಿದ್ದು. ಹೊರಗಿನ ಕ್ಲಾಸಿನ ಸಿದ್ಧತೆ ಮೊದಲು ಓಡುತ್ತದೆ, ಆಮೇಲೆ ಒಳಗಿನದು. ಕಾರ್ಟನ್ನು ಹೊರಗೆ ಒಮ್ಮೆ ಕಟ್ಟಿ, ಕೂಪನ್ ಮಾತ್ರ ಒಳಗೆ ಸೇರಿಸಬಹುದು. ಆದರೆ ಎರಡು ಹಂತಕ್ಕಿಂತ ಆಳಕ್ಕೆ ಹೋಗಬೇಡಿ. ಕಾರ್ಟ್ ಎಲ್ಲಿ ಹುಟ್ಟಿತು ಅಂತ ಹುಡುಕಲು ಮೇಲೆ ಕೆಳಗೆ ಸ್ಕ್ರೋಲ್ ಮಾಡುತ್ತಲೇ ಇರಬೇಕಾಗುತ್ತದೆ.

ಹಾಂ, ಜೆಯೂನಿಟ್ 5ರಲ್ಲಿ ಟೆಸ್ಟಿಗೆ ಓದಲು ಸುಲಭವಾದ ಹೆಸರಿಡುವ 'ಡಿಸ್‌ಪ್ಲೇ ನೇಮ್'ನಲ್ಲಿ ಕನ್ನಡವೂ ನಡೆಯುತ್ತದೆ. 'ಕೂಪನ್ ಅವಧಿ ಮುಗಿದಿದ್ದರೆ ರಿಯಾಯಿತಿ ಇಲ್ಲ' ಅಂತ ಬರೆದರೆ ರಿಪೋರ್ಟಿನಲ್ಲೂ ಹಾಗೇ ಬರುತ್ತದೆ.