ಕರೆಂಟ್ ಕಂಬ, ಬೇವಿನ ಮರ ಮತ್ತು ಅವುಗಳ ನಡುವೆ ಹಾದ ಕಿಡಿ

ಕಳೆದ ಮಾರ್ಚಿನ ಒಂದು ರಾತ್ರಿ ಸಂಡೂರಿನ ಗುಡ್ಡವೊಂದರ ಒಣಹುಲ್ಲಿಗೆ ಹತ್ತಿದ ಬೆಂಕಿ ಇಳಿಜಾರಿನುದ್ದಕ್ಕೂ ಹರಡುತ್ತ ಬಂದು ಕೆಳಗಿನ ಡಾಂಬರು ರಸ್ತೆಯ ಅಂಚಿನಲ್ಲಿ ನಿಂತಿತು. ಅದರ ಕಿಡಿಗಳು ಮಾತ್ರ ನಿಲ್ಲಲಿಲ್ಲ. ರಸ್ತೆಯ ಈಚೆಗೆ ಕಣದಲ್ಲಿ ಒಟ್ಟಿದ್ದ ಜೋಳದ ಸೊಪ್ಪೆಯ ಬಣವೆ ಹೊತ್ತಿಕೊಂಡು, ಒಂದು ಮನೆಯ ದನಗಳ ವರ್ಷದ ಮೇವು ಬೆಳಗಾಗುವುದರೊಳಗೆ ಬೂದಿಯಾಯಿತು. ಅಷ್ಟರಲ್ಲಿ ಆ ಬೆಂಕಿಯ ಹದಿನಾಲ್ಕು ವಿಡಿಯೋಗಳು ಊರಿನವರ ಫೋನುಗಳಿಂದ ನನ್ನ ಫೋನಿಗೆ ಬಂದಿದ್ದವು. ನಾನು ಭೌತಶಾಸ್ತ್ರ ಕಲಿಸುವವನಾದ್ದರಿಂದ, ಆ ಕಿಡಿಗಳು ಎಷ್ಟು ವೇಗವಾಗಿ ಹಾರಿದವು ಎಂಬುದನ್ನು ಇವುಗಳಿಂದಲೇ ಲೆಕ್ಕ ಹಾಕಲು ಸಾಧ್ಯವೇ ಎಂಬ ಪ್ರಶ್ನೆ ತಲೆಯೊಳಗೆ ಹೊಕ್ಕಿತು.

ಇದು ಹೊಸ ಯೋಚನೆಯೇನಲ್ಲ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣವನ್ನು ಸುಟ್ಟ ಕ್ಯಾಂಪ್ ಫೈರ್ ಕಾಡ್ಗಿಚ್ಚಿನಲ್ಲಿ 85 ಜನ ಸತ್ತು, 18 ಸಾವಿರಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಆ ಬೆಂಕಿ ಯಾವ ಗಳಿಗೆಯಲ್ಲಿ ಎಲ್ಲಿತ್ತು ಎಂಬುದನ್ನು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯವರು ಜೋಡಿಸಿದ್ದು ಪ್ರತ್ಯಕ್ಷದರ್ಶಿಗಳ ಮಾತು ಮತ್ತು ವೈರ್‌ಲೆಸ್ ಸಂಭಾಷಣೆಗಳ ಜೊತೆಗೆ ಫೋಟೋ, ವಿಡಿಯೋಗಳನ್ನೂ ಇಟ್ಟುಕೊಂಡು. 2009ರ ಫೆಬ್ರವರಿ 7ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 173 ಜನರನ್ನು ಬಲಿ ಪಡೆದ ಬೆಂಕಿಯಲ್ಲಂತೂ ನೀಲಗಿರಿ ಜಾತಿಯ ಮರಗಳ ಉರಿಯುವ ತೊಗಟೆ ಗಾಳಿಯಲ್ಲಿ ತೇಲಿ, ಮುಖ್ಯ ಜ್ವಾಲೆಗಿಂತ 30 ಕಿಲೋಮೀಟರಿಗೂ ಮುಂದೆ ಹೊಸ ಬೆಂಕಿ ಹಚ್ಚಿತ್ತು. ನಮ್ಮ ಗುಡ್ಡದ ಹುಲ್ಲಿಗೆ ಅಂಥ ಶಕ್ತಿಯಿಲ್ಲ. ಇಲ್ಲಿ ಪ್ರಶ್ನೆ ಇರುವುದು ಒಂದು ರಸ್ತೆಯ ಅಗಲದ್ದು. ಅದನ್ನು ಉಪಗ್ರಹದಿಂದ ನೋಡಲಾಗುವುದಿಲ್ಲ. ಉಪಗ್ರಹಗಳ ಮೇಲಿದ್ದು ಕಾಡ್ಗಿಚ್ಚಿನ ಎಚ್ಚರಿಕೆಗೆ ಬಳಸುವ ವಿಐಐಆರ್‌ಎಸ್ ಸಂವೇದಕದ ಚಿತ್ರದಲ್ಲಿ ಒಂದು ಚುಕ್ಕೆ ನೆಲದ ಮೇಲೆ 375 ಮೀಟರ್ ಅಗಲವಿರುತ್ತದೆ. ಗುಡ್ಡ, ರಸ್ತೆ, ಕಣ, ಬಣವೆ ಎಲ್ಲವೂ ಆ ಒಂದೇ ಚುಕ್ಕೆಯೊಳಗೆ ಅಡಗಿಬಿಡುತ್ತವೆ.

ನನ್ನ ಮೊದಲ ಲೆಕ್ಕ ನಗೆಪಾಟಲಾಯಿತು. ಇದ್ದುದರಲ್ಲಿ ಅತ್ಯಂತ ಸ್ಪಷ್ಟವಾಗಿದ್ದ ವಿಡಿಯೋ ನನ್ನ ಅಳಿಯನದು. ಅದರಲ್ಲಿ ಕಿಡಿಯ ವೇಗ ಸೆಕೆಂಡಿಗೆ 1.8 ಮೀಟರ್ ಎಂದು ಬಂತು, ಅಂದರೆ ಸಂತೆಗೆ ಹೋಗುವವರ ನಡಿಗೆಗಿಂತ ತುಸು ಹೆಚ್ಚು. ಆ ರಾತ್ರಿಯ ಗಾಳಿಯನ್ನು ಮೈಮೇಲೆ ಅನುಭವಿಸಿದ್ದ ನನಗೆ ಇದು ನಂಬಿಕೆಯಾಗಲಿಲ್ಲ. ವಿಡಿಯೋದ ಕೊನೆಯಲ್ಲಿ ಕೊಡ ಹಿಡಿದು ಓಡುವ ಹುಡುಗನೊಬ್ಬ ಕೆರೆಯ ನೀರಿನೊಳಗೆ ಹೆಜ್ಜೆ ಇಡುತ್ತಿರುವಂತೆ ಕಂಡಾಗ ಸಂಗತಿ ತಿಳಿಯಿತು: ಅಳಿಯ ಅದನ್ನು ನಾಲ್ಕು ಪಟ್ಟು ನಿಧಾನಗೊಳಿಸಿ, ಮೇಲೊಂದು ಹಾಡನ್ನೂ ಸೇರಿಸಿದ್ದ. ಕೇಳಿದರೆ, "ಮಾಮಾ, ಸ್ಲೋ ಮಾಡಿದ್ರೆ ಚೆಂದ ಕಾಣ್ತೈತೆ" ಎಂದ. ಅಂದಿನಿಂದ ನಾನು ವಾಟ್ಸಾಪಿನಲ್ಲಿ ಸುತ್ತಿ ಬಂದ ಪ್ರತಿಯನ್ನು ಅಳತೆಗೆ ಬಳಸುವುದಿಲ್ಲ, ತೆಗೆದವರ ಫೋನಿನಿಂದಲೇ ಮೂಲ ಫೈಲನ್ನು ಪಡೆಯುತ್ತೇನೆ. ಸುತ್ತಿ ಬಂದ ಪ್ರತಿಗಳಲ್ಲಿ ಗಾತ್ರ ಕುಗ್ಗಿಸುವಾಗ ಸಣ್ಣ ಕಿಡಿಗಳು ಕತ್ತಲೆಯ ಚೌಕಗಳಲ್ಲಿ ಕರಗಿಹೋಗಿರುತ್ತವೆ.

ಮೂಲ ಫೈಲಿನಲ್ಲಿ ಸೆಕೆಂಡಿಗೆ 30 ಫ್ರೇಮುಗಳಿದ್ದವು. ಅಳತೆಗೋಲಾಗಿ ಸಿಕ್ಕಿದ್ದು ರಸ್ತೆ ಬದಿಯ ಕರೆಂಟ್ ಕಂಬ. ಮರುದಿನ ಅಲ್ಲಿಗೆ ಹೋಗಿ ಅಳೆದಾಗ ನೆಲದಿಂದ ಮೇಲಕ್ಕೆ 6.6 ಮೀಟರ್ ಇತ್ತು. ವಿಡಿಯೋದಲ್ಲಿ ಅದು 330 ಪಿಕ್ಸೆಲ್ ಎತ್ತರವಾಗಿ ಕಾಣುತ್ತದೆ, ಅಂದರೆ ಕಂಬವಿರುವ ದೂರದಲ್ಲಿ ಒಂದು ಪಿಕ್ಸೆಲ್ 2 ಸೆಂಟಿಮೀಟರಿಗೆ ಸಮ. ಒಂದು ಕಿಡಿ ಪ್ರತಿ ಫ್ರೇಮಿಗೆ 12 ಪಿಕ್ಸೆಲ್ ಸರಿದರೆ ಅದರ ವೇಗ ಸೆಕೆಂಡಿಗೆ 7.2 ಮೀಟರ್. ತೊಡಕಿರುವುದು ಇಲ್ಲಿಯೇ: ಕಿಡಿ ಕಂಬದಷ್ಟೇ ದೂರದಲ್ಲಿತ್ತು ಎಂದು ಹೇಗೆ ಹೇಳುವುದು? ಅದು ಕ್ಯಾಮೆರಾಕ್ಕೆ ಅರ್ಧ ದೂರದಲ್ಲಿ ಹಾದಿದ್ದರೆ ನಿಜವಾದ ವೇಗವೂ ಅರ್ಧವೇ. ಒಂದೇ ಕ್ಯಾಮೆರಾ ಒಂಟಿ ಕಣ್ಣಿನಂತೆ, ಅದಕ್ಕೆ ಆಳ ತಿಳಿಯದು. ಬಹಳ ಹೊತ್ತು ಫ್ರೇಮುಗಳನ್ನು ಹಿಂದೆ ಮುಂದೆ ಸರಿಸಿದ ಮೇಲೆ, ಕಂಬದ ಹಿಂದೆ ಒಂದು ಫ್ರೇಮಿನಷ್ಟು ಹೊತ್ತು ಮರೆಯಾಗಿ, ಆಚೆಗಿನ ಬೇವಿನ ಮರದ ಮುಂದೆ ಮರೆಯಾಗದೆ ಹಾದುಹೋದ ಕೆಲವು ಕಿಡಿಗಳು ಸಿಕ್ಕವು. ಕಂಬ ಕ್ಯಾಮೆರಾದಿಂದ 60 ಮೀಟರ್, ಬೇವು 75 ಮೀಟರ್. ಹಾಗಾದರೆ ಈ ಕಿಡಿಗಳು ಆ ಎರಡರ ನಡುವೆಯೇ ಇದ್ದವು, ಅವುಗಳ ಅಡ್ಡ ವೇಗ ಸೆಕೆಂಡಿಗೆ 7.2ರಿಂದ 9 ಮೀಟರಿನೊಳಗಿತ್ತು. ನೂರಾರು ಕಿಡಿಗಳಲ್ಲಿ ಈ ಪರೀಕ್ಷೆಗೆ ನಿಂತದ್ದು ಕೇವಲ ಒಂಬತ್ತು, ಉಳಿದವನ್ನು ಬಿಟ್ಟುಬಿಟ್ಟೆ.

ಈ ಒಂಬತ್ತರ ಮೇಲೂ ಹೆಚ್ಚು ಭಾರ ಹಾಕಬಾರದು. ಕಿಡಿ ಕಣ್ಣಿಗೆ ಬೀಳುವುದು ರಾತ್ರಿಯಲ್ಲಿ. ಆದರೆ ಬೆಂಕಿ ಹೆಚ್ಚು ರಭಸವಾಗಿರುವುದು ಹುಲ್ಲು ಪೂರ್ತಿ ಒಣಗಿ ಗಾಳಿ ಬೀಸುವ ಮಧ್ಯಾಹ್ನದಲ್ಲಿ, ಆಗಿನ ವಿಡಿಯೋದಲ್ಲಿ ಹೊಗೆ ಬಿಟ್ಟರೆ ಏನೂ ಕಾಣದು. ಇನ್ನೊಂದು, ಅತಿ ದೂರ ಹಾರುವ ಕಿಡಿಯೇ ಅತಿ ಅಪಾಯಕಾರಿ ಎಂದೇನೂ ಇಲ್ಲ. ಸ್ಪೇನಿನ ಎಂಜಿನಿಯರ್ ಕಾರ್ಲೋಸ್ ಸಾಂಚೆಸ್ ತಾರಿಫಾ 1960ರ ದಶಕದಲ್ಲಿಯೇ ಉರಿಯುವ ಕಟ್ಟಿಗೆ ತುಂಡುಗಳನ್ನು ಗಾಳಿಸುರಂಗದಲ್ಲಿಟ್ಟು, ಅವು ಹಾರುತ್ತ ಹೇಗೆ ಸವೆಯುತ್ತವೆ ಎಂಬುದನ್ನು ಅಳೆದಿದ್ದರು. ತೆಳ್ಳನೆಯ ಎಲೆ ಮೇಲಕ್ಕೇರುತ್ತದೆ, ಆದರೆ ಇಳಿಯುವುದರೊಳಗೆ ಬೂದಿಯಾಗುತ್ತದೆ. ದಂಟಿನ ತುಂಡು ಅಷ್ಟು ದೂರ ಹೋಗದಿದ್ದರೂ ಕೆಂಡವಾಗಿಯೇ ನೆಲ ಮುಟ್ಟುತ್ತದೆ. ಬಿದ್ದ ಮೇಲೆ ಏನಾಯಿತು ಎಂಬುದು ಹದಿಮೂರು ವಿಡಿಯೋಗಳಲ್ಲಿ ಎಲ್ಲಿಯೂ ಇರಲಿಲ್ಲ, ಏಕೆಂದರೆ ಫೋನು ಹಿಡಿದವರೆಲ್ಲ ದೊಡ್ಡ ಜ್ವಾಲೆಯ ಕಡೆಗೇ ತಿರುಗಿದ್ದರು.

ಹದಿನಾಲ್ಕನೆಯದು ಟ್ರ್ಯಾಕ್ಟರ್ ಓಡಿಸುವ ಒಬ್ಬರದು. ರೆಕಾರ್ಡ್ ಆಗುತ್ತಿರುವುದನ್ನು ಮರೆತು ಅವರು ಫೋನನ್ನು ಕೆಳಗೆ ಮಾಡಿ ಯಾರನ್ನೋ ಕೂಗುತ್ತ ನಿಂತಿದ್ದರಿಂದ, ನಲವತ್ತು ಸೆಕೆಂಡುಗಳಲ್ಲಿ ಅರ್ಧದಷ್ಟು ಬರೀ ನೆಲವೇ ಇದೆ. ಅಳಿಸಿಬಿಡುತ್ತೇನೆ ಎಂದವರನ್ನು ತಡೆದು ಅದನ್ನು ಉಳಿಸಿಕೊಂಡೆ. ಆ ಇಪ್ಪತ್ತು ಸೆಕೆಂಡುಗಳಲ್ಲಿ ಮೂರು ಕಿಡಿಗಳು ಬೀಳುತ್ತವೆ: ಡಾಂಬರಿನ ಮೇಲೆ ಬಿದ್ದ ಎರಡು ಒಂದೆರಡು ಸಲ ಪುಟಿದು ಕಪ್ಪಾಗುತ್ತವೆ, ಮೂರನೆಯದು ಗಾಲಿಗಳಡಿ ಪುಡಿಯಾಗಿ ರಸ್ತೆಯಂಚಿನಲ್ಲಿ ಗುಡ್ಡೆಯಾಗಿದ್ದ ಸೊಪ್ಪೆಯ ಹೊಟ್ಟಿನೊಳಗೆ ಹೊಕ್ಕು, ಕೆಂಪಾಗಿಯೇ ಇದ್ದು, ಫೋನು ಮತ್ತೆ ಮೇಲಕ್ಕೇಳುವ ಹೊತ್ತಿಗೆ ತೆಳ್ಳಗೆ ಹೊಗೆಯಾಡತೊಡಗಿರುತ್ತದೆ.