ನಾಳೆ ಬೆಳಗ್ಗೆಯ ಪೀರಿಯಡ್‌ಗೆ ಒಂದು ಪೋರ್ಟಲ್

ನಮ್ಮ ಯೂನಿವರ್ಸಿಟಿಯ ಡಿಜಿಟಲ್ ಲರ್ನಿಂಗ್ ವಿಭಾಗದಲ್ಲಿ ನನ್ನ ಕೆಲಸ. ವಿಭಾಗ ಅಂದ್ರೆ ಲೈಬ್ರರಿ ಪಕ್ಕದ ಎರಡು ರೂಮು, ಅಷ್ಟೇ. ಪರಿಸರ ಅಧ್ಯಯನ, ಸುಸ್ಥಿರತೆ ಇಂಥದ್ದೆಲ್ಲ ಪಾಠ ಮಾಡೋ ಮೇಷ್ಟ್ರು ಮೇಡಂಗಳಿಗೆ ಅಂತ ಒಂದು ಪೋರ್ಟಲ್ ಕಟ್ಟಿ ನಡೆಸ್ತಾ ಇದೀವಿ. ಬೇರೆ ಕಡೆ ಇದೇ ಕೆಲಸಕ್ಕೆ ಕೈ ಹಾಕಿರೋರು ಫೋನ್ ಮಾಡಿ ಮೊದಲು ಕೇಳೋದೇ ಯಾವ ಸಾಫ್ಟ್‌ವೇರ್ ಹಾಕಿದ್ರಿ ಅಂತ. ಯಾವುದಾದ್ರೂ ಆಗುತ್ತೆ ಮಾರಾಯ್ರೆ, ಮೊದಲು ಈ ಪಾಠ ಯಾರ ತಲೆಗೆ ಬೀಳುತ್ತೆ ಅಂತ ನೋಡಿ.

ಡಿಗ್ರಿಯಲ್ಲಿ ಇದು ಕಡ್ಡಾಯ ಆಗಿದ್ದೇ ಕೋರ್ಟಿಂದ. ಪರಿಸರದ ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಕೇಸಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತ್ತು, 2003ರಲ್ಲಿ ಮತ್ತೆ ಹೇಳಬೇಕಾಯ್ತು, ಆಮೇಲೆ ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಎಲ್ಲಾ ಪದವಿಗೂ ಸೇರಿಸಿ 8 ಯೂನಿಟ್, 50 ಕ್ಲಾಸಿನ ಸಿಲಬಸ್ ಕಳಿಸ್ತು. ಸಿಲಬಸ್ ಬಂತು, ನಾನು ನೋಡಿರೋ ಕಾಲೇಜುಗಳಲ್ಲಿ ಅದಕ್ಕಂತ ಹುದ್ದೆ ಮಾತ್ರ ಬರಲಿಲ್ಲ. ಹಾಗಾಗಿ ಯಾರಿಗೆ ವರ್ಕ್‌ಲೋಡ್ ಕಮ್ಮಿ ಬಿದ್ದಿದೆಯೋ ಅವರಿಗೆ ಕೊಡ್ತಾರೆ, ಕಾಮರ್ಸ್ ಮೇಡಂ, ಹಿಸ್ಟರಿ ಸರ್, ಇಲ್ಲಾಂದ್ರೆ ಗೆಸ್ಟ್ ಲೆಕ್ಚರರ್. ಇವರೆಲ್ಲ ರಾತ್ರಿ ಹತ್ತು ಗಂಟೆಗೆ ಮೊಬೈಲ್ ಹಿಡಿದು ಹುಡುಕ್ತಾ ಇರೋದು ಸುಸ್ಥಿರ ಅಭಿವೃದ್ಧಿಯ ತತ್ವ ಅಲ್ಲ ಸ್ವಾಮಿ, ನಾಳೆ ಹನ್ನೊಂದು ಗಂಟೆ ಕ್ಲಾಸಿಗೆ ಏನು ಹೇಳ್ಲಿ ಅನ್ನೋದು.

ಕಮಿಟಿಯಲ್ಲಿ ದೊಡ್ಡವರಿಗೆ ಬೇಕಾಗಿದ್ದು ಬೇರೆ. ಮುಖಪುಟದಲ್ಲಿ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿಕೊಂಡ ಸುಸ್ಥಿರ ಅಭಿವೃದ್ಧಿಯ 17 ಗುರಿಗಳು, ಬಣ್ಣಬಣ್ಣದ ಚೌಕ, ಒಂದೊಂದನ್ನ ಒತ್ತಿದ್ರೆ ಒಂದೊಂದು ಕಪಾಟು ತೆಗಿಬೇಕು. ನೋಡೋಕೆ ಚೆಂದ, ಇನ್‌ಸ್ಪೆಕ್ಷನ್‌ಗೆ ಬಂದೋರಿಗೆ ತೋರಿಸೋಕೂ ಚೆಂದ. ಆದ್ರೆ ಅಂತರ್ಜಲದ ಪಾಠ ಎಲ್ಲಿಡ್ತೀರಿ? ಆರನೇದು ನೀರು, ಹದಿಮೂರು ಹವಾಮಾನ, ಎರಡನೇದು ಹಸಿವು ಅಂದ್ರೆ ಕೃಷಿನೂ ಅಲ್ಲೇ ಬಂತು, ಬೋರ್‌ವೆಲ್ ಇವೆಲ್ಲದರಲ್ಲೂ ಇದೆ. ಸಿಲಬಸ್ ಪ್ರಕಾರ ಜೋಡಿಸೋಣ ಅಂದ್ರೆ ಅದೂ ನಿಲ್ಲಲ್ಲ, ನಮ್ಮ ರಾಜ್ಯದಲ್ಲಿ 2021ರಲ್ಲಿ ಹೊಸ ಶಿಕ್ಷಣ ನೀತಿ ಬಂತು, 2024ರಲ್ಲಿ ಅದನ್ನ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ ಆಯ್ತು, ನಡುವೆ 2023ರಲ್ಲಿ ಯುಜಿಸಿಯವರು ಪರಿಸರ ಶಿಕ್ಷಣಕ್ಕೆ ಬೇರೆ ಚೌಕಟ್ಟೇ ಹೊರಡಿಸಿದ್ರು. ಯೂನಿಟ್ ನಂಬರ್ ನಂಬ್ಕೊಂಡು ಫೋಲ್ಡರ್ ಮಾಡಿದ್ರೆ ಪ್ರತಿ ಸಲ ಮನೆ ಖಾಲಿ ಮಾಡಿದ ಹಾಗೆ.

ನಾವು ಮಾಡಿರೋದು ಇಷ್ಟು. ಫೈಲ್‌ಗೆ ವಿಷಯದ ಹೆಸರು ಮಾತ್ರ ಕೊಡ್ತೀವಿ, ಕೆರೆ, ಅಂತರ್ಜಲ, ಕಸ, ಕರೆಂಟು, ಕಾಡು, ಹೀಗೆ ಆಡುಮಾತಿನ ಹೆಸರು. ಯಾವ ಸಿಲಬಸ್‌ನ ಯಾವ ಯೂನಿಟ್‌ಗೆ ಯಾವ ವಿಷಯ ಅನ್ನೋದು ಪ್ರತ್ಯೇಕ ಒಂದು ಟೇಬಲ್‌ನಲ್ಲಿರುತ್ತೆ, ಸಿಲಬಸ್ ಬದಲಾದ್ರೆ ಟೇಬಲ್ ಬದಲಾಯಿಸಿದ್ರೆ ಮುಗೀತು, ಫೈಲ್ ಮುಟ್ಟೋ ಹಾಗಿಲ್ಲ. 17 ಚೌಕಗಳೂ ಅದೇ ಟೇಬಲ್‌ನ ಇನ್ನೊಂದು ಕಾಲಂನಿಂದ ತಾನಾಗೇ ತುಂಬ್ಕೊಳುತ್ತೆ, ಕಮಿಟಿಗೂ ಖುಷಿ.

ಇನ್ನು ಕನ್ನಡದ ಕಥೆ. ನಮ್ಮ ಬಿಎ ಮಕ್ಕಳಲ್ಲಿ ಬಹಳಷ್ಟು ಜನ ಪರೀಕ್ಷೆ ಬರಿಯೋದು ಕನ್ನಡದಲ್ಲಿ, ಹಳೇ ಮೇಷ್ಟ್ರುಗಳ ಹತ್ರ ಒಳ್ಳೊಳ್ಳೆ ನೋಟ್ಸ್ ಇದೆ, ಪಿಡಿಎಫ್ ಕಳಿಸ್ತಾರೆ, ತೆಗೆದು ನೋಡಿದ್ರೆ ಮುತ್ತಿನಂಥ ಅಕ್ಷರ. ಆದ್ರೆ ಪೋರ್ಟಲ್‌ನಲ್ಲಿ ‘ಅಂತರ್ಜಲ’ ಅಂತ ಹುಡುಕಿ, ಒಂದೂ ಸಿಗಲ್ಲ. ಯಾಕಂದ್ರೆ ಅದು ಹಳೇ ‘ನುಡಿ’ ಫಾಂಟಲ್ಲಿ ಟೈಪ್ ಮಾಡಿದ್ದು, ಎಲ್ಲಾ ಕಂಪ್ಯೂಟರ್‌ಗೂ ಒಂದೇ ಥರ ಅರ್ಥ ಆಗೋ ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಮಾತ್ರ ತಲೆ ಮೇಲೆ ಕೊಂಬು ಚುಕ್ಕಿ ಇಟ್ಕೊಂಡಿರೋ ಇಂಗ್ಲಿಷ್ ಅಕ್ಷರಗಳ ಸಾಲು. ಕನ್ವರ್ಟರ್ ಇದೆ, ಹಾಕಿದ್ರೆ ಬಹುಪಾಲು ಸರಿಹೋಗುತ್ತೆ, ಆದ್ರೆ ಅರ್ಕಾವತ್ತು ಇರೋ ಕಡೆ ಕೈಕೊಡೋದುಂಟು, ಹಳೇ ಫಾಂಟಲ್ಲಿ ಅದು ಅಕ್ಷರ ಆದ್ಮೇಲೆ ಕೂತಿರುತ್ತೆ, ಯೂನಿಕೋಡಲ್ಲಿ ಮೊದಲು ಬರಬೇಕು. ‘ಅಂತರ್ಜಲ’ದಲ್ಲೇ ಅರ್ಕಾವತ್ತು ಇದೆ ನೋಡಿ, ‘ಮಾರ್ಗ’, ‘ವರ್ಷ’, ‘ಪರ್ಯಾಯ’ ಎಲ್ಲಾ ಅದೇ ಜಾತಿ. ಹಾಗಾಗಿ ಕನ್ವರ್ಟ್ ಆದ್ಮೇಲೆ ಒಬ್ರು ಕೂತು ಓದಲೇಬೇಕು. ಕನ್ನಡ ಎಂಎ ಹುಡುಗಿಯರಿಬ್ಬರು ಇದನ್ನ ಮಾಡ್ತಾರೆ, ಈ ಪೋರ್ಟಲ್‌ನ ನಿಜವಾದ ಇಂಜಿನಿಯರ್‌ಗಳು ಅಂದ್ರೆ ನನ್ನ ಪ್ರಕಾರ ಅವರೇ.

ಹೊರಗಿಂದ ತರೋದಕ್ಕೆ ಲೈಸೆನ್ಸ್ ನೋಡ್ಬೇಕು. ಕ್ರಿಯೇಟಿವ್ ಕಾಮನ್ಸ್, ಅಂದ್ರೆ ಷರತ್ತಿನ ಮೇಲೆ ಯಾರು ಬೇಕಾದ್ರೂ ಬಳಸ್ಬಹುದು ಅನ್ನೋ ಲೈಸೆನ್ಸ್, ಅಂತ ಕಂಡ ಕೂಡ್ಲೇ ಎತ್ಕೊಂಡು ಬರೋ ಹಾಗಿಲ್ಲ, ಕೊನೇಲಿ ‘ಎನ್‌ಡಿ’ (ನೋ ಡೆರಿವೇಟಿವ್ಸ್, ಬದಲಾಯಿಸಿ ಹಂಚೋ ಹಾಗಿಲ್ಲ) ಅಂತಿದ್ರೆ ಅದನ್ನ ಕನ್ನಡಕ್ಕೆ ಅನುವಾದ ಮಾಡಿ ಹಾಕೋಕೂ ಬರಲ್ಲ. ಹಕ್ಕಿ, ಚಿಟ್ಟೆ, ಗಿಡದ ಫೋಟೋಗೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಒಳ್ಳೇದು, ತೆಗೆದವರ ಹೆಸರು ಹಾಕೋದು ಮಾತ್ರ ಮರೀಬೇಡಿ.

ಈಗ ಒಂದು ಪುಟದ ವಿಷಯ ಹೇಳ್ತೀನಿ, ಅತಿ ಹೆಚ್ಚು ಓಡಿರೋದು ಅದೇ. ಕೆ.ಸಿ. ವ್ಯಾಲಿ, ಅಂದ್ರೆ ಕೋರಮಂಗಲ-ಚಲ್ಲಘಟ್ಟ ಕಣಿವೆ. ಬೆಂಗಳೂರಿನ ಚರಂಡಿ ನೀರನ್ನ ಎರಡು ಹಂತ ಶುದ್ಧ ಮಾಡಿ ಕೋಲಾರದ ಕಡೆಯ ನೂರಕ್ಕೂ ಹೆಚ್ಚು ಕೆರೆ ತುಂಬಿಸೋ ಯೋಜನೆ, ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದ್ದು. 2018ರ ಜೂನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಜುಲೈನಲ್ಲಿ ನೊರೆ ಬಂತು, ವಿಷಯ ಹೈಕೋರ್ಟಿಗೆ ಹೋಯ್ತು. ಬೋರ್‌ವೆಲ್ ಚೇತರಿಸ್ಕೊಂಡ್ವು ಅನ್ನೋ ರೈತರೂ ಇದಾರೆ, ಮೂರನೇ ಹಂತದ ಶುದ್ಧೀಕರಣ ಇಲ್ದೆ ಬಿಡೋದು ತಪ್ಪು ಅನ್ನೋ ಹೋರಾಟಗಾರರೂ ಇದಾರೆ. ಪುಟದಲ್ಲಿ ಎರಡೂ ಕಡೆಯ ಮಾತು, ಒಂದು ಮ್ಯಾಪು, ಮೂರು ಪ್ರಶ್ನೆ, ಒಂದು ಕೆಲಸ: ನಿಮ್ಮ ಹಾಸ್ಟೆಲ್ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ, ಪೈಪ್ ಹಿಡ್ಕೊಂಡು ಹೋಗಿ ನೋಡ್ಕೊಂಡ್ ಬನ್ನಿ. ಹಳೇ ಯುಜಿಸಿ ಸಿಲಬಸ್‌ನ ಕೊನೇ ಯೂನಿಟ್ ಫೀಲ್ಡ್ ವರ್ಕು, 5 ಕ್ಲಾಸಿನಷ್ಟು, ಅದನ್ನ ಹೆಚ್ಚಿನ ಕಡೆ ಯಾವುದೋ ಜಲಪಾತಕ್ಕೆ ಟ್ರಿಪ್ ಹೊಡೆದು ಮುಗಿಸ್ತಿದ್ರು. ಒಬ್ರು ಕಾಮರ್ಸ್ ಮೇಡಂ ಈ ಪುಟ ಹಿಡ್ಕೊಂಡು ಕ್ಲಾಸಿಗೆ ಹೋದ್ರಂತೆ, ಬೆಲ್ ಹೊಡೆದ್ರೂ ಹುಡುಗ್ರು ಜಗಳ ನಿಲ್ಲಿಸ್ಲಿಲ್ಲ ಅಂತ ಮೆಸೇಜ್ ಹಾಕಿದ್ರು. ನನಗೆ ಅದಕ್ಕಿಂತ ದೊಡ್ಡ ರಿಪೋರ್ಟ್ ಬೇಡ.

ರಿಪೋರ್ಟ್ ಅಂದ ಕೂಡ್ಲೇ ಲಾಗಿನ್ ನೆನಪಾಗುತ್ತೆ. ಕಾಲೇಜು, ಯೂನಿವರ್ಸಿಟಿಗಳ ಗುಣಮಟ್ಟ ಅಳೆಯೋ ನ್ಯಾಕ್‌ಗೆ ಎಷ್ಟು ಜನ ಬಳಸಿದ್ರು ಅಂತ ತೋರಿಸ್ಬೇಕು, ಅದಕ್ಕೆ ಲಾಗಿನ್ ಇಡಿ ಅಂತ ಮೇಲಿಂದ ಒತ್ತಡ. ನಮ್ಮ ಲಿಂಕ್‌ಗಳು ಓಡಾಡೋದು ವಾಟ್ಸಾಪ್ ಗುಂಪಲ್ಲಿ, ಒತ್ತಿದ ಕೂಡ್ಲೇ ಪಾಸ್‌ವರ್ಡ್ ಕೇಳಿದ್ರೆ ಮುಂದಿನ ಕ್ಷಣ ಅವರು ಯೂಟ್ಯೂಬಲ್ಲಿರ್ತಾರೆ. ಲಾಗಿನ್ ಇಲ್ದೆನೇ ಡೌನ್‌ಲೋಡ್ ಲೆಕ್ಕ ಬರುತ್ತೆ, ಅದನ್ನೇ ತಿಂಗಳಿಗೊಮ್ಮೆ ಪ್ರಿಂಟ್ ತೆಗೆದು ಸಹಿ ಹಾಕಿ ಕೊಡ್ತೀನಿ, ಕಾಗದದ ಮೇಲೆ ಸೀಲ್ ಇದ್ರೆ ಎಲ್ಲರಿಗೂ ಸಮಾಧಾನ.

ಸರ್ಕಾರಿ ವೆಬ್‌ಸೈಟ್ ಲಿಂಕ್‌ಗಳು ಸೆಮಿಸ್ಟರ್ ಕಳೆಯೋದ್ರಲ್ಲಿ ಒಂದಷ್ಟು ಸತ್ತಿರುತ್ತೆ, ಅದನ್ನ ಹುಡುಕೋಕೆ ಸ್ಕ್ರಿಪ್ಟ್ ಇದೆ, ಬದಲಿ ಹುಡುಕೋಕೆ ಮನುಷ್ಯರೇ ಬೇಕು. ಈ ಸಲ ಬಜೆಟ್ ಮೀಟಿಂಗಲ್ಲಿ ಹೊಸ ಸರ್ವರ್ ತಗೊಳ್ಳಿ ಅಂದ್ರು, ಬೇಡ ಅಂದೆ. ಆ ದುಡ್ಡಲ್ಲಿ ಎಂಎ ಹುಡುಗಿಯರಿಬ್ಬರಿಗೆ ಗೌರವಧನ ಕೊಡಿ ಅಂತ ಬರೆದು ಕಳಿಸಿದೀನಿ, ಫೈಲ್ ಇನ್ನೂ ಫೈನಾನ್ಸ್ ಆಫೀಸರ್ ಟೇಬಲ್ ಮೇಲಿದೆ.