ಡಿಸೈನರ್‌ಗೆ ಎಷ್ಟು ಕೋಡ್ ಗೊತ್ತಿರಬೇಕು?

ಆ್ಯಪ್, ವೆಬ್‌ಸೈಟ್‌ಗಳ ಪರದೆ ವಿನ್ಯಾಸ ಮಾಡುವವರು ರಿಯಾಕ್ಟ್‌ನಂಥ ಕೋಡ್ ಸಾಧನ ಕಲಿಯುವುದೇನೂ ಬೇಡ. ಆದರೆ ವಿನ್ಯಾಸದ ತಂತ್ರಾಂಶ ಫಿಗ್ಮಾದಲ್ಲಿ ಎಳೆದ ಚೌಕ ಬ್ರೌಸರ್‌ನಲ್ಲಿ ಎಲ್ಲಿ ಹಿಗ್ಗುತ್ತದೆ, ಎಲ್ಲಿ ಮೊಂಡು ಹಿಡಿಯುತ್ತದೆ ಅನ್ನುವಷ್ಟು ಸಿಎಸ್‌ಎಸ್ (ಪುಟದ ರೂಪ, ಅಳತೆ ಹೇಳುವ ಕೋಡ್) ಗೊತ್ತಿರಲೇಬೇಕು. ಇಂಗ್ಲಿಷ್‌ಗೆಂದು ಮಾಡಿದ ಪರದೆಗೆ ಕನ್ನಡ ಸುರಿದ ದಿನ ಇದು ಬಯಲಾಗುತ್ತದೆ.

‘ರಾಷ್ಟ್ರೀಯ’ ಪದವನ್ನೇ ತೆಗೆದುಕೊಳ್ಳಿ. ಷಕಾರಕ್ಕೆ ಎರಡು ಒತ್ತು. ಅಕ್ಷರ 16 ಪಿಕ್ಸೆಲ್, ಲೈನ್-ಹೈಟ್ ಅಂದರೆ ಸಾಲಿನ ಎತ್ತರ ಅದರ 1.2 ಪಟ್ಟು ಎಂದಿಟ್ಟರೆ ಸಾಲಿಗೆ ಸಿಗುವುದು 19.2 ಪಿಕ್ಸೆಲ್ ಮಾತ್ರ. ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಉದ್ದದ ಪಠ್ಯಕ್ಕೆ ಮೂರು ಚುಕ್ಕಿ ಬರಲೆಂದು ‘ಓವರ್‌ಫ್ಲೋ ಹಿಡನ್’ (ಹೊರಚಾಚಿದ್ದನ್ನು ಅಡಗಿಸು) ಹಾಕಿದ್ದರೆ ಕತ್ತರಿಸಿಯೇ ಹೋಗುತ್ತದೆ. ತಪ್ಪು ಡೆವಲಪರ್‌ನದಲ್ಲ, 1.2 ಬರೆದುಕೊಟ್ಟವರದು. 1.5 ಅಥವಾ 1.6 ಕೊಡಿ. ಬಟನ್‌ಗೆ ‘ಹೈಟ್ 40’ ಬದಲು ‘ಮಿನ್-ಹೈಟ್ 40’ (ಕನಿಷ್ಠ ಎತ್ತರ) ಎನ್ನಿ.

ಇನ್ನೊಂದು ಕಾಟ ಫ್ಲೆಕ್ಸ್ (ಚೌಕಗಳನ್ನು ಪಕ್ಕಪಕ್ಕ ಜೋಡಿಸುವ ಸಿಎಸ್‌ಎಸ್ ವಿಧಾನ) ಸಾಲಿನದು: ಎಡಕ್ಕೆ ಐಕಾನ್, ನಡುವೆ ಹೆಸರು, ಬಲಕ್ಕೆ ಬೆಲೆ. ಫ್ಲೆಕ್ಸ್ ಒಳಗಿನ ಚೌಕ ತನ್ನ ಅತಿ ಉದ್ದದ ಪದಕ್ಕಿಂತ ಕುಗ್ಗುವುದಿಲ್ಲ. ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸಿ ‘ಪರಿಶೀಲಿಸಲಾಗುತ್ತಿದೆ’ ಅನ್ನುವ ಭಾಷೆ ನಮ್ಮದು; ಬೆಲೆ ಪರದೆಯಾಚೆ ಹೋಗುತ್ತದೆ. ‘ಮಿನ್-ವಿಡ್ತ್ 0’ (ಕನಿಷ್ಠ ಅಗಲ ಸೊನ್ನೆ) ಹಾಕಿದರೆ ಚೌಕ ಕುಗ್ಗುತ್ತದೆ, ಆದರೆ ಪದ ಹೊರಚಾಚುತ್ತದೆ. ‘ಓವರ್‌ಫ್ಲೋ-ರ‍್ಯಾಪ್ ಎನಿವೇರ್’ ಪದವನ್ನು ನಡುವೆಯೇ ಮುರಿಯುತ್ತದೆ, ಓದಲು ಕಷ್ಟ. ಕಿರಿದಾದ ಪರದೆಯಲ್ಲಿ ಬೆಲೆಯನ್ನು ಕೆಳಗಿನ ಸಾಲಿಗಿಳಿಸುವುದೇ ಮೇಲು. ಆ ನಿರ್ಧಾರ ಡಿಸೈನರ್‌ದೇ ಅಲ್ಲವೇ?

ಇಂಟರ್, ರೊಬೊಟೊ ಫಾಂಟ್‌ಗಳಲ್ಲಿ ಕನ್ನಡವೇ ಇಲ್ಲ. ಕನ್ನಡ ಫಾಂಟ್ ಹೆಸರಿಸದಿದ್ದರೆ ಆಂಡ್ರಾಯ್ಡ್ ನೋಟೊ ತೋರಿಸುತ್ತದೆ, ವಿಂಡೋಸ್ ನಿರ್ಮಲಾ. ಅಳತೆ ಎರಡರಲ್ಲೂ ಬೇರೆ. ದಪ್ಪ ಅಕ್ಷರದ ಫೈಲ್ ಕೊಡದಿದ್ದರೆ ಬ್ರೌಸರ್ ತಾನೇ ಗೆರೆಗಳನ್ನು ಉಬ್ಬಿಸಿ ಅಕ್ಷರದ ಕಿಂಡಿಗಳನ್ನು ಮುಚ್ಚಿಬಿಡುತ್ತದೆ. ಶೀರ್ಷಿಕೆಯನ್ನು ಇಂಗ್ಲಿಷ್‌ನ ದೊಡ್ಡಕ್ಷರದಿಂದ (ಕ್ಯಾಪಿಟಲ್) ಎತ್ತಿ ತೋರಿಸಿದ್ದೀರಾ? ಕನ್ನಡದಲ್ಲಿ ದೊಡ್ಡಕ್ಷರವಿಲ್ಲ, ಆ ವ್ಯತ್ಯಾಸ ಮಾಯ.

ಅಕ್ಷರ ಮಿತಿಯೂ ಹಾಗೆಯೇ. ಕಣ್ಣಿಗೆ ‘ಸ್ತ್ರೀ’ ಒಂದೇ ಅಕ್ಷರ. ಆದರೆ ವೆಬ್‌ಪುಟದ ಕೋಡ್ ಭಾಷೆ ಜಾವಾಸ್ಕ್ರಿಪ್ಟ್‌ನ ‘ಲೆಂಗ್ತ್’ ಅದರೊಳಗಿನ ಬಿಡಿ ಚಿಹ್ನೆಗಳನ್ನು ಎಣಿಸುತ್ತದೆ: 6. ಹೆಸರಿಗೆ 20 ಅಂತ ಮಿತಿ ಹಾಕುವ ಮುನ್ನ ಒಮ್ಮೆ ಎಣಿಸಿ.

ಇದನ್ನೆಲ್ಲ ನೋಡಲು ಕೋಡ್ ಬರೆಯಬೇಕಿಲ್ಲ. ಕ್ರೋಮ್‌ನಲ್ಲಿ ಎಫ್12 ಒತ್ತಿ ಡೆವಲಪರ್ ಫಲಕ ತೆರೆಯಿರಿ, ಕಂಟ್ರೋಲ್-ಶಿಫ್ಟ್-ಎಂ ಒತ್ತಿ ಮೊಬೈಲ್ ನೋಟಕ್ಕೆ ಬನ್ನಿ, ಅಗಲ 320 ಪಿಕ್ಸೆಲ್ ಮಾಡಿ. ಎಲಿಮೆಂಟ್ಸ್ ಫಲಕದಲ್ಲಿ ಪಠ್ಯದ ಮೇಲೆ ಎರಡು ಸಲ ಕ್ಲಿಕ್ಕಿಸಿ ಕನ್ನಡ ಅಂಟಿಸಿ, ಸ್ಟೈಲ್ಸ್‌ನಲ್ಲಿ ಲೈನ್-ಹೈಟ್ ಬದಲಿಸಿ ನೋಡಿ. ಪುಟ ರೀಲೋಡ್ ಮಾಡಿದರೆ ಎಲ್ಲ ಮೊದಲಿನಂತೆ. ಹಾಗಾಗಿ ಸರಿಹೊಂದಿದ ಅಂಕಿಯನ್ನು ಮೊದಲೇ ಫಿಗ್ಮಾ ಫೈಲಿನಲ್ಲಿ ಬರೆದಿಟ್ಟುಕೊಳ್ಳಿ.